ಹೊಣೆ ಪೂರ್ತಿ, ಅಧಿಕಾರವಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿರುವ ಈ ಪ್ರಕರಣದಲ್ಲಿ ನೆರವು ಕೋರಿ ಬಂದವರು ಹಲವು ಸಾಫ್ಟ್‌ವೇರ್ ಡೆವಲಪ್‌ಮೆಂಟ್ ತಂಡಗಳ ಕೆಲಸವನ್ನು ಒಗ್ಗೂಡಿಸಿ ಬಿಡುಗಡೆ ಮಾಡಿಸುವ ರಿಲೀಸ್ ಮ್ಯಾನೇಜರ್. ಬಿಡುಗಡೆಯ ವಾರ ಬಂತೆಂದರೆ ನಿದ್ದೆ ಹತ್ತುವುದಿಲ್ಲ, ಎದೆ ಬಡಿದುಕೊಳ್ಳುತ್ತದೆ ಎಂಬುದು ಅವರ ದೂರು. ವೈದ್ಯರ ತಪಾಸಣೆಯಲ್ಲಿ ದೈಹಿಕ ಕಾರಣವೇನೂ ಕಂಡುಬಂದಿರಲಿಲ್ಲವಾದ್ದರಿಂದ ತಮ್ಮ ಮನಸ್ಸೇ ದುರ್ಬಲವೆಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಹಿಂದಿನ ಬಿಡುಗಡೆಯ ರಾತ್ರಿ ನಡೆದದ್ದನ್ನು ಬಿಡಿಬಿಡಿಯಾಗಿ ಹೇಳುವಂತೆ ಕೇಳಿದೆ. ಕೋಡ್ ಫ್ರೀಜ್, ಅಂದರೆ ಬಿಡುಗಡೆಗೆ ಮುನ್ನ ಕೋಡ್‌ನಲ್ಲಿ ಹೊಸ ಬದಲಾವಣೆಗಳನ್ನು ನಿಲ್ಲಿಸುವುದು, ಆದ ಮೇಲೂ ಒಂದು ತಂಡದಿಂದ ‘ಒಂದೇ ಸಾಲಿನ ಬದಲಾವಣೆ ಮೇಡಂ, ಸೇರಿಸಿಬಿಡಿ’ ಎಂಬ ಸಂದೇಶ ಬಂದಿತ್ತು. ಆ ಒಂದು ಸಾಲು ಇನ್ನೊಂದು ತಂಡದ ಎಪಿಐ (ಪ್ರೋಗ್ರಾಂಗಳು ಪರಸ್ಪರ ಸಂಪರ್ಕಿಸುವ ಕೊಂಡಿ) ಜೊತೆ ಹೊಂದಲಿಲ್ಲ. ಚೆಕ್‌ಲಿಸ್ಟಿನ ರೋಲ್‌ಬ್ಯಾಕ್ (ಹಳೆಯ ಆವೃತ್ತಿಗೆ ಮರಳುವ ಯೋಜನೆ) ಕಾಲಂನಲ್ಲಿ ‘ಅಗತ್ಯವಿಲ್ಲ’ ಎಂದು ಬರೆಯಲಾಗಿತ್ತು. ಡೇಟಾಬೇಸ್ ರಚನೆಯೂ ಬದಲಾಗಿದ್ದರಿಂದ ಹಳೆಯ ಆವೃತ್ತಿಗೆ ಮರಳಲಾಗದೆ ಬೆಳಗಿನ ಜಾವದವರೆಗೆ ದುರಸ್ತಿ ನಡೆಯಿತು. ಮರುದಿನದ ಸಭೆಯಲ್ಲಿ ಉತ್ತರ ಕೊಡಬೇಕಾಗಿ ಬಂದದ್ದು ಮಾತ್ರ ಇವರೊಬ್ಬರೇ. ‘ಬೇಡ ಎನ್ನುವ ಅಧಿಕಾರ ನಿಮಗಿತ್ತೇ?’ ಎಂದು ಕೇಳಿದಾಗ, ‘ಅದನ್ನು ಯಾರೂ ಕೊಟ್ಟಿಲ್ಲ’ ಎಂದರು.

ಕೆಲಸದ ಬೇಡಿಕೆ ಹೆಚ್ಚಾಗಿದ್ದು ನಿರ್ಧಾರದ ಸ್ವಾತಂತ್ರ್ಯ ಕಡಿಮೆಯಿದ್ದಾಗ ಒತ್ತಡ ತೀವ್ರವಾಗುತ್ತದೆ ಎಂಬ ಮಾದರಿಯನ್ನು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದರು. ಇವರ ಸ್ಥಿತಿ ಅದಕ್ಕೆ ತಕ್ಕ ಉದಾಹರಣೆಯಾಗಿತ್ತು. ಇಂಥವರಿಗೆ ಉಸಿರಾಟದ ಅಭ್ಯಾಸವನ್ನಷ್ಟೇ ಹೇಳಿಕೊಟ್ಟು ಕಳಿಸುವುದು ಅನ್ಯಾಯವೆಂದೇ ನನ್ನ ಭಾವನೆ.

ಆದ್ದರಿಂದ ಮೇಲಧಿಕಾರಿಗೆ ಸಲ್ಲಿಸುವ ಕೋರಿಕೆಯನ್ನು ಅವರೇ ಬರೆಯುವಂತೆ ಸಲಹೆ ನೀಡಿದೆ. ಫ್ರೀಜ್ ಆದ ಮೇಲೆ ಬರುವ ಬದಲಾವಣೆಯನ್ನು ತಡೆಯುವ ಅಧಿಕಾರ ತಮಗಿರಬೇಕು, ಮುಗಿಯದ ಕೆಲಸಕ್ಕಾಗಿ ದಿನಾಂಕವನ್ನು ಮುಂದೂಡದೆ ಅದನ್ನು ಮುಂದಿನ ಬಿಡುಗಡೆಗೆ ಬಿಡಬೇಕು ಅಥವಾ ಫೀಚರ್ ಫ್ಲ್ಯಾಗ್‌ನಿಂದ (ಕೋಡ್‌ನ ಒಂದು ಭಾಗವನ್ನು ಬೇಕಾದಾಗ ಚಾಲೂ ಅಥವಾ ಬಂದ್ ಮಾಡುವ ಸ್ವಿಚ್) ಮುಚ್ಚಿಡಬೇಕು ಎಂಬುದು ಅದರ ಮುಖ್ಯಾಂಶ. ಡೇಟಾಬೇಸ್ ವಿಷಯದಲ್ಲಿ ದಾರಿ ಅವರಿಗೇ ಗೊತ್ತಿತ್ತು: ಒಂದು ಬಿಡುಗಡೆಯಲ್ಲಿ ಹೊಸ ಕಾಲಂ ಸೇರಿಸಿ, ಹಳೆಯದನ್ನು ನಂತರದ ಬಿಡುಗಡೆಯಲ್ಲಷ್ಟೇ ತೆಗೆದರೆ, ನಡುವೆ ಹಿಂದಿರುಗುವ ಅವಕಾಶ ಉಳಿಯುತ್ತದೆ. ಇಷ್ಟನ್ನು ವಿವರಿಸುವಾಗ ಅವರ ದನಿಯಲ್ಲಿ ಅಳುಕಿರಲಿಲ್ಲ. ದುರ್ಬಲ ಮನಸ್ಸಿನ ಮಾತು ಹೀಗಿರುವುದಿಲ್ಲವೆಂದು ಅವರಿಗೆ ತಿಳಿಸಿದೆ.

ನಿದ್ದೆಯ ಮಟ್ಟಿಗೆ, ಫೋನನ್ನು ಮಲಗುವ ಕೋಣೆಯಿಂದ ಹೊರಗಿಡಬೇಕು, ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು ಕೂರಬೇಕು ಎಂದೆ. ತುರ್ತು ಕರೆಗಳನ್ನು ತಂಡದವರು ಸರದಿಯಂತೆ ಸ್ವೀಕರಿಸುವ ಆನ್‌ಕಾಲ್ ಪಟ್ಟಿಯಿಲ್ಲದೆ ಇದು ನಡೆಯದು.

ತಡೆಯುವ ಅಧಿಕಾರಕ್ಕೆ ಮೇಲಧಿಕಾರಿ ಲಿಖಿತ ಒಪ್ಪಿಗೆ ನೀಡಿದ್ದಾರೆ. ಸರದಿ ಪಟ್ಟಿ ಇನ್ನೂ ಆಗಿಲ್ಲ. ಅದು ಆಗುವವರೆಗೆ ಭೇಟಿಗಳನ್ನು ಮುಂದುವರಿಸಲು ಇಬ್ಬರೂ ಒಪ್ಪಿದ್ದೇವೆ.