ಘಟ್ಟದ ದಾರಿಗೆ ಅಗ್ಗದ ಬ್ರೇಕ್ ಪ್ಯಾಡ್ ಬೇಡ

ವ್ಯಾಗನ್ ಆರ್‌ಗೆ ಆನ್‌ಲೈನಲ್ಲಿ ಅರ್ಧ ರೇಟಿಗೆ ಬ್ರೇಕ್ ಪ್ಯಾಡ್ ಸಿಗುತ್ತಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ವಾರಕ್ಕೆರಡು ಸಲ ಶಿರಸಿಯಿಂದ ಕುಮಟಾಕ್ಕೆ ಓಡಾಡುತ್ತೇನೆ ಅಂತ ನೀವೇ ಬರೆದಿದ್ದೀರಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಾನೂ ಒಮ್ಮೆ ಹಾಗೆ ತರಿಸಿದ್ದೆ. ಡಬ್ಬಿ ನೋಡಿದರೆ ಥೇಟ್ ಅಸಲಿ. ನಿಮ್ಮ ಅದೇ ದಾರಿಯ ದೇವಿಮನೆ ಘಟ್ಟ ಇಳಿಯುವಾಗ ನಾಲ್ಕೈದು ತಿರುವು ದಾಟುವಷ್ಟರಲ್ಲಿ ಸುಟ್ಟ ವಾಸನೆ, ಪೆಡಲ್ ಎಷ್ಟು ಒತ್ತಿದರೂ ಗಾಡಿ ಮೊದಲಿನ ಹಾಗೆ ಹಿಡಿಯುತ್ತಿಲ್ಲ, ಕೊನೆಗೆ ಸೆಕೆಂಡ್ ಗೇರಿಗೆ ಹಾಕಿ ಹೇಗೋ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಸುಮ್ನೆ ಕೂತೆ. ಮೆಕ್ಯಾನಿಕ್ ಬಿಚ್ಚಿ ತೋರಿಸಿದರು: ಕಬ್ಬಿಣದ ಪ್ಲೇಟಿನಿಂದ ಪ್ಯಾಡ್ ಏಳುತ್ತಿತ್ತು, ಸಂದಿಯಲ್ಲಿ ಉಗುರು ತೂರಿಸಬಹುದಿತ್ತು.

ಹಾಗಂತ ಏನೂ ತರಿಸಬೇಡಿ ಅಂತಲ್ಲ. ವೈಪರ್, ಮ್ಯಾಟ್, ಎಸಿ ಫಿಲ್ಟರ್ ಧಾರಾಳವಾಗಿ ತರಿಸಿ. ನಮ್ಮ ಮಳೆಗೆ ವೈಪರ್ ರಬ್ಬರ್ ಎಷ್ಟಿದ್ದರೂ ಸಾಲದು, ಅಲ್ವಾ? ಬ್ರೇಕ್, ಸ್ಟೀರಿಂಗ್ ಸಾಮಾನು ಮಾತ್ರ ಗುರುತಿನ ಅಂಗಡಿಯಲ್ಲಿ, ಬಿಲ್ ಸಮೇತ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟರೆ ಸರಿಯಾದ ಪಾರ್ಟ್ ನಂಬರ್ ಅವರೇ ಹುಡುಕಿ ಕೊಡುತ್ತಾರೆ. ಹೊಸ ಪ್ಯಾಡ್ ಹಾಕಿಸಿದ ಮೇಲೆ ಮೊದಲ 200-300 ಕಿ.ಮೀ. ಜೋರಾಗಿ ಬ್ರೇಕ್ ಒತ್ತಬೇಡಿ, ಅದು ಡಿಸ್ಕಿಗೆ ಕೂರಬೇಕು.