ಬೇಸಿಗೆಯ ಮೊದಲ ಮಳೆಗೇ ರಸ್ತೆ ಅಷ್ಟೊಂದು ಜಾರುವುದು ಯಾಕೆ?

ಬಿದ್ದ ನೀರು ಸಾಲದೇ ಇರುವುದರಿಂದ. ತಿಂಗಳುಗಟ್ಟಲೆ ಒಣಗಿದ ಡಾಂಬರಿನ ಮೇಲೆ ಎಂಜಿನ್ ಆಯಿಲ್ ಹನಿಗಳು, ಟೈರು ಸವೆದ ರಬ್ಬರ್ ಪುಡಿ, ಧೂಳು ಕೂತಿರುತ್ತವೆ. ಏಪ್ರಿಲ್ ತುಂತುರಿಗೆ ಇದನ್ನೆಲ್ಲ ತೊಳೆಯುವ ಶಕ್ತಿಯಿಲ್ಲ, ಕಲಸುವುದಕ್ಕೆ ಮಾತ್ರ ಸಾಕು.

ಮೆತ್ತಗಿನ ರಬ್ಬರ್ ಜಲ್ಲಿಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಒತ್ತಿ ಕೂತಾಗಲೇ ಟೈರಿಗೆ ಹಿಡಿತ. ಆ ತಗ್ಗುಗಳಲ್ಲಿ ಈ ರಾಡಿ ತುಂಬಿಕೊಂಡರೆ ರಬ್ಬರಿಗೆ ಕಲ್ಲೇ ಸಿಗುವುದಿಲ್ಲ. ಒಣ ಡಾಂಬರಿನಲ್ಲಿ ಘರ್ಷಣಾಂಕ, ಅಂದರೆ ಗಾಡಿಯ ಭಾರದಲ್ಲಿ ಹಿಡಿತವಾಗಿ ಸಿಗುವ ಪಾಲು, ಸುಮಾರು 0.7ರಿಂದ 0.8. ಒದ್ದೆಯಾದರೆ 0.4–0.5ಕ್ಕೆ ಇಳಿಯಬಹುದು, ಬ್ರೇಕ್ ಹಿಡಿದ ಮೇಲೆ ಗಾಡಿ ಸಾಗುವ ದೂರ ಒಂದೂವರೆ ಪಟ್ಟು ಮೀರುತ್ತದೆ. ಬೈಕಿನವರಿಗೆ ಜೀಬ್ರಾ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ ಇನ್ನೂ ಕೆಟ್ಟವು: ಅಲ್ಲಿ ಕಚ್ಚಿಕೊಳ್ಳಲು ಉಬ್ಬುತಗ್ಗೇ ಕಡಿಮೆ.

ಜೋರು ಮಳೆ ಸ್ವಲ್ಪ ಹೊತ್ತು ಸುರಿದರೆ ಎಣ್ಣೆ ಕೊಚ್ಚಿಹೋಗಿ ಹಿಡಿತ ಒಂದಿಷ್ಟು ಮರಳುತ್ತದೆ. ಆದರೆ ನೀರು ನಿಂತ ಕಡೆ ವೇಗವಾಗಿ ಹೋದರೆ ಟೈರು ನೀರಿನ ಮೇಲೇ ತೇಲೀತು, ಅದು ಬೇರೆ ಅಪಾಯ.

ತಾಪಮಾನಕ್ಕೂ ಪಾತ್ರವಿದೆ: ಚಳಿಗೆ ರಬ್ಬರ್ ಗಡುಸಾಗಿ ತಗ್ಗುಗಳೊಳಗೆ ಸರಿಯಾಗಿ ಇಳಿಯುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆಂದೇ ಮೆದು ರಬ್ಬರಿನ ಟೈರು ಹಾಕಿಸುವುದು ಇದಕ್ಕೇ. ನಮ್ಮ ಊರುಗಳ ಚಳಿಗೆ ಅದರ ಗೊಡವೆ ಬೇಕಿಲ್ಲ.