ನಾನೇ ಜೋಡಿಸಿದ ಕಂಪ್ಯೂಟರ್‌ನಲ್ಲಿ ಐಮೆಸೇಜ್ ಆಕ್ಟಿವೇಟ್ ಆಗ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಸರ್, ಬಿಡಿಭಾಗ ತಂದು ನಾನೇ ಜೋಡಿಸಿದ ಇಂಟೆಲ್ ಕಂಪ್ಯೂಟರ್‌ಗೆ ಓಪನ್‌ಕೋರ್ (ಆಪಲ್‌ನದಲ್ಲದ ಕಂಪ್ಯೂಟರ್‌ನಲ್ಲೂ ಮ್ಯಾಕ್‌ಒಎಸ್ ಶುರು ಮಾಡಿಸುವ ತಂತ್ರಾಂಶ) ಮೂಲಕ ಆಪಲ್‌ನ ಮ್ಯಾಕ್‌ಒಎಸ್ ಹಾಕಿದ್ದೇನೆ. ಇನ್ನೊಂದು ಡಿಸ್ಕ್‌ನಲ್ಲಿ ವಿಂಡೋಸ್ ಇದೆ. ಬ್ರೌಸರ್, ವಿಡಿಯೊ ಎಲ್ಲ ಚೆನ್ನಾಗಿ ನಡೆಯುತ್ತೆ. ಆದರೆ ಆಪಲ್‌ನ ಸಂದೇಶ ಸೇವೆ ಐಮೆಸೇಜ್‌ಗೆ ಸೈನ್ ಇನ್ ಆದರೆ ಆಕ್ಟಿವೇಶನ್‌ನಲ್ಲಿ ತೊಂದರೆ ಆಗಿದೆ ಅಂತ ಬರುತ್ತದೆ. ಆಪ್ ಸ್ಟೋರ್ ಕೂಡ ಈ ಕಂಪ್ಯೂಟರನ್ನು ಪರಿಶೀಲಿಸಲು ಆಗಲಿಲ್ಲ ಅನ್ನುತ್ತದೆ. ಪಾಸ್‌ವರ್ಡ್ ಸರಿಯಾಗಿದೆ. ಸೀರಿಯಲ್ ನಂಬರ್ ಬದಲಿಸಿ ಬದಲಿಸಿ ನೋಡಿದೆ, ಉಪಯೋಗವಾಗಲಿಲ್ಲ. ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಮ್ಯಾಕ್‌ನಲ್ಲಿ ಕೆಲಸ ಮಾಡದ ಕಾರಣ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬಳಸುತ್ತಿದ್ದೇನೆ.

ಉತ್ತರ: ಮೊದಲು ಸೈನ್ ಇನ್ ಪ್ರಯತ್ನ ನಿಲ್ಲಿಸಿ. ಸದ್ಯಕ್ಕೆ ಸೀರಿಯಲ್ ನಂಬರನ್ನೂ ಮುಟ್ಟಬೇಡಿ. ನಂಬರ್ ಬದಲಾದಾಗಲೆಲ್ಲ ನಿಮ್ಮ ಖಾತೆಗೆ ಹೊಸ ಮ್ಯಾಕ್ ಒಂದು ಸೇರಿದ ಹಾಗೆ ಆಪಲ್‌ನ ಸರ್ವರ್‌ಗೆ ಕಾಣುತ್ತದೆ. ಇದು ಜಾಸ್ತಿಯಾದರೆ ಖಾತೆಯೇ ಲಾಕ್ ಆಗಬಹುದು. ಆಗ ಫೋನಿನಲ್ಲಿ ಸುಸೂತ್ರವಾಗಿರುವ ಐಮೆಸೇಜ್‌ಗೂ ಕುತ್ತು.

ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಲ್ಲೇ ಸುಳಿವಿದೆ. ಮ್ಯಾಕ್‌ಒಎಸ್ ಪ್ರತಿ ನೆಟ್‌ವರ್ಕ್ ಸಾಧನಕ್ಕೂ ಇಎನ್0, ಇಎನ್1 ಅಂತ ಹೆಸರು ಕೊಡುತ್ತದೆ. ಕಂಪ್ಯೂಟರ್ ಯಾವುದೆಂದು ಗುರುತಿಸಲು ಇಎನ್0 ಅನ್ನೇ ನೋಡುತ್ತದೆ. ಅದು ಯಂತ್ರದೊಳಗೇ ಇರುವ ಸಾಧನ, ಅಂದರೆ 'ಬಿಲ್ಟ್-ಇನ್', ಎಂಬ ಗುರುತೂ ಇರಬೇಕು. ನಿಮ್ಮಲ್ಲಿ ಲ್ಯಾನ್ ಪೋರ್ಟ್‌ಗೆ ಡ್ರೈವರ್ ಇಲ್ಲ. ಹಾಗಾಗಿ ಯುಎಸ್‌ಬಿ ಅಡಾಪ್ಟರ್ ಆ ಜಾಗ ಹಿಡಿದಿರಬೇಕು. ಅಂಥ ಅಡಾಪ್ಟರ್‌ಗೆ ಸಾಮಾನ್ಯವಾಗಿ ಆ ಗುರುತು ಇರುವುದಿಲ್ಲ. ಆಪ್ ಸ್ಟೋರ್ ಮತ್ತು ಐಮೆಸೇಜ್ ಎರಡೂ ಒಟ್ಟಿಗೆ ತಕರಾರು ಮಾಡುತ್ತಿರುವುದರಿಂದ ನನ್ನ ಅನುಮಾನ ಇನ್ನೂ ಗಟ್ಟಿಯಾಗಿದೆ. ಹ್ಯಾಕಿನ್‌ಟೂಲ್ ಎಂಬ ಆ್ಯಪ್ ತೆರೆದು ಸಿಸ್ಟಮ್ ವಿಭಾಗದ ಪೆರಿಫೆರಲ್ಸ್‌ನಲ್ಲಿ ನೋಡಿ, ಇಎನ್0 ಎದುರು ಬಿಲ್ಟ್-ಇನ್ ಟಿಕ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಸರಿಪಡಿಸಲು ಮದರ್‌ಬೋರ್ಡಿನ ಲ್ಯಾನ್ ಚಿಪ್‌ಗೆ ತಕ್ಕ ಕೆಕ್ಸ್ಟ್ (ಮ್ಯಾಕ್‌ಒಎಸ್‌ನ ಡ್ರೈವರ್ ಫೈಲ್) ಹಾಕಿ. ಬಹುಪಾಲು ಇಂಟೆಲ್ ಚಿಪ್‌ಗಳಿಗೆ ಇಂಟೆಲ್‌ಮೌಸಿ, ರಿಯಲ್‌ಟೆಕ್‌ನ ಗಿಗಾಬಿಟ್ ಚಿಪ್‌ಗೆ ರಿಯಲ್‌ಟೆಕ್ ಆರ್‌ಟಿಎಲ್8111. ಓಪನ್‌ಕೋರ್‌ನ ಕಾನ್ಫಿಗ್ ಫೈಲ್‌ನಲ್ಲೂ ಅದರ ಹೆಸರು ಸೇರಿಸಲು ಮರೆಯಬೇಡಿ. ಆಮೇಲೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿರುವ ಎಲ್ಲ ಸಾಧನಗಳನ್ನೂ ತೆಗೆಯಿರಿ. ಲೈಬ್ರರಿ, ಪ್ರಿಫರೆನ್ಸಸ್, ಸಿಸ್ಟಮ್ ಕಾನ್ಫಿಗರೇಶನ್ ಫೋಲ್ಡರ್‌ನ ಒಳಗಿರುವ ನೆಟ್‌ವರ್ಕ್ ಇಂಟರ್‌ಫೇಸಸ್ ಎಂಬ ಪಿ-ಲಿಸ್ಟ್ ಫೈಲನ್ನು ಅಳಿಸಿ. ಹಳೆಯ ಹೆಸರುಗಳು ಕೂತಿರುವುದು ಅದರಲ್ಲೇ. ಯುಎಸ್‌ಬಿ ಅಡಾಪ್ಟರ್ ಕಿತ್ತು ರೀಸ್ಟಾರ್ಟ್ ಮಾಡಿ, ಮೊದಲು ಈಥರ್‌ನೆಟ್ ಸೇರಿಸಿ, ಉಳಿದವು ನಂತರ. ಇಎನ್0 ಸರಿಯಾದ ಮೇಲೆ ಅಡಾಪ್ಟರ್‌ನಲ್ಲೇ ನೆಟ್ ಬಳಸಿದರೂ ಅಡ್ಡಿಯಿಲ್ಲ.

ಇನ್ನು ಕಾನ್ಫಿಗ್‌ನ ಪ್ಲಾಟ್‌ಫಾರ್ಮ್ ಇನ್ಫೊ ಭಾಗ. ಅಲ್ಲಿ ಸೀರಿಯಲ್ ನಂಬರ್ ಒಂದೇ ಅಲ್ಲ, ಬೋರ್ಡಿನ ನಂಬರ್ ಆದ ಎಂಎಲ್‌ಬಿ, ಯಂತ್ರದ ಗುರುತಿನ ಸಂಖ್ಯೆ ಯುಯುಐಡಿ, ನೆಟ್‌ವರ್ಕ್ ಸಾಧನದ ಗುರುತು ಬರೆಯುವ ರೋಮ್ ಕೂಡ ಇವೆ. ಸೀರಿಯಲ್ ಮತ್ತು ಎಂಎಲ್‌ಬಿ ಜೋಡಿಯಾಗಿಯೇ ತಯಾರಾಗುವಂಥವು. ಒಂದನ್ನು ಮಾತ್ರ ಬದಲಿಸಿದರೆ ಎರಡಕ್ಕೂ ತಾಳೆಯಾಗುವುದಿಲ್ಲ. ನಿಮಗೆ ಆಗಿರುವುದು ಬಹುಶಃ ಹಾಗೆಯೇ. ಈ ನಂಬರ್‌ಗಳನ್ನು ತಯಾರಿಸುವ ಜೆನ್‌ಎಸ್‌ಎಂಬಯೋಸ್ ಎಂಬ ಟೂಲ್‌ನಿಂದ ಹೊಸ ಸೆಟ್ ಒಂದನ್ನು ಪೂರ್ತಿಯಾಗಿ ಮಾಡಿಕೊಳ್ಳಿ. ರೋಮ್ ಜಾಗದಲ್ಲಿ 112233445566 ಅಂತ ಇದ್ದರೆ ಅದು ಓಪನ್‌ಕೋರ್‌ನ ಮಾದರಿ ಫೈಲಿನದು, ಯಾರೂ ಬದಲಿಸಿಲ್ಲ ಎಂದರ್ಥ. ಅಲ್ಲಿ ಇಎನ್0ದ MAC ವಿಳಾಸದ (ನೆಟ್‌ವರ್ಕ್ ಸಾಧನದ ಗುರುತಿನ ಸಂಖ್ಯೆ) 12 ಅಕ್ಷರಗಳನ್ನು ಕೋಲನ್ ಇಲ್ಲದೆ ಬರೆಯಿರಿ.

ಹೊಸ ಸೀರಿಯಲನ್ನು ಆಪಲ್‌ನ ವಾರಂಟಿ ನೋಡುವ ಪುಟದಲ್ಲಿ ಹಾಕಿ ನೋಡಿ. ಈ ನಂಬರಿನ ಮಾಹಿತಿ ನೋಡಲಾಗುತ್ತಿಲ್ಲ ಎಂದು ಬಂದರೆ ಬಳಸಬಹುದು. ಖರೀದಿ ವಿವರ ಬಂದರೆ ಅದು ಬೇರೆಯವರ ನಿಜವಾದ ಮ್ಯಾಕ್‌ನದು. ದಯವಿಟ್ಟು ಕೈಬಿಡಿ. ನಿಮ್ಮಿಂದ ಅವರ ಯಂತ್ರಕ್ಕೆ ತೊಂದರೆ ಆಗಬಾರದು ಅಲ್ವಾ?

ವಿಂಡೋಸ್ ಇರುವುದರಿಂದ ಗಡಿಯಾರವನ್ನೂ ನೋಡಿ. ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಬರೆಯುತ್ತದೆ, ಮ್ಯಾಕ್‌ಒಎಸ್ ಅದನ್ನು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಎಂದು ಓದುತ್ತದೆ. ಸಮಯ ತಪ್ಪಾಗಿದ್ದಾಗ ಸರ್ವರ್‌ನ ಸರ್ಟಿಫಿಕೇಟ್ (ಅದು ಅಸಲಿ ಎಂದು ತೋರಿಸುವ ಡಿಜಿಟಲ್ ದಾಖಲೆ) ತಾಳೆಯಾಗದೆ ಹೋಗಬಹುದು. ವಿಂಡೋಸ್‌ನ ಒಳ ಸೆಟ್ಟಿಂಗ್ಸ್ ಇರುವ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಎಂಬ ಮೌಲ್ಯವನ್ನು 1 ಮಾಡಿದರೆ ವಿಂಡೋಸ್ ಕೂಡ ಯುಟಿಸಿಯನ್ನೇ ಇಡುತ್ತದೆ.

ಇದೆಲ್ಲ ಮುಗಿದ ಮೇಲೆ ಖಾತೆಯ ಸಾಧನಗಳ ಪಟ್ಟಿಯಿಂದ ಹಿಂದಿನ ಪ್ರಯತ್ನಗಳ ಮ್ಯಾಕ್‌ಗಳನ್ನು ತೆಗೆದುಹಾಕಿ. ಬಳಿಕ ಒಂದೇ ಸಲ ಸೈನ್ ಇನ್ ಮಾಡಿ. ಕಸ್ಟಮರ್ ಕೋಡ್ ಇರುವ ಸಂದೇಶ ಬಂದರೆ ತಡೆ ಇರುವುದು ಸರ್ವರ್ ಕಡೆ. ಅದನ್ನು ತೆಗೆಯುವುದು ಆಪಲ್ ಸಪೋರ್ಟ್‌ನವರ ಕೈಯಲ್ಲೇ ಇದೆ. ಅವರು ಸಹಾಯ ಮಾಡಲೇಬೇಕು ಅಂತೇನಿಲ್ಲ. ಲೈಸೆನ್ಸ್ ಪ್ರಕಾರ ಮ್ಯಾಕ್‌ಒಎಸ್ ಹಾಕಬೇಕಾದದ್ದು ಆಪಲ್ ಬ್ರ್ಯಾಂಡಿನ ಕಂಪ್ಯೂಟರ್‌ನಲ್ಲಿ ಮಾತ್ರ. ಹಾಗಾಗಿ ಮುಖ್ಯವಾದ ಖಾತೆಯಿಂದ ಇಂಥ ಪ್ರಯೋಗ ಬೇಡ, ಬೇರೆ ಖಾತೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಇಂಟೆಲ್ ಯಂತ್ರಗಳಿಗೆ 2025ರ ತಾಹೋ ಆವೃತ್ತಿಯೇ ಕೊನೆಯದು ಎಂದು ಆಪಲ್ ಹೇಳಿರುವುದೂ ನಿಮಗೆ ಗೊತ್ತಿರಲಿ.